ಬೇಟೆ ಕಂಪನಿಯ ಸಿಂಬಾ

ಅತಿಥಿಗಳ ಮುಂದೆ ಸದಾಶಿವ ಸಿದ್ದಿ ಕನ್ನಡ ಮಾತಾಡುವಂತಿರಲಿಲ್ಲ. ಅದು ಮಾಲೀಕ ಭಾರ್ಗವನ ಕಟ್ಟಪ್ಪಣೆ. ಅತಿಥಿಗಳು ಬೆಂಗಳೂರಿನವರು, ಹುಬ್ಬಳ್ಳಿಯವರು, ಮೈಸೂರಿನವರು. ಕನ್ನಡದಲ್ಲೇ ನಗುತ್ತಿದ್ದರು, ಕನ್ನಡದಲ್ಲೇ ಬಯ್ಯುತ್ತಿದ್ದರು. ಸದಾಶಿವ ಎಲ್ಲವನ್ನೂ ಕೇಳಿಸಿಕೊಂಡು ಏನೂ ತಿಳಿಯದವನಂತೆ ನಿಂತಿರಬೇಕು. ಅಲ್ಲಿ ಅವನ ಹೆಸರೂ ಸದಾಶಿವ ಅಲ್ಲ. ಸಿಂಬಾ.

ಅವನು ಯಲ್ಲಾಪುರದ ಕಡೆಯವನು. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಹಿಡಿದು ತಂದು ಮಾರಿದ ಗುಲಾಮರ ಕುಲ ಅವನದು. ಕಪ್ಪು ಮೈ, ಗುಂಗುರು ಕೂದಲು. ಊರಿನ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ಹುಬ್ಬಳ್ಳಿಯ ಪೇಟೆಯಲ್ಲಿ ಅವನು ಬಾಯಿ ಬಿಟ್ಟರೆ ಜನ ಮೊಬೈಲ್ ತೆಗೆದು, "ಏ, ಕನ್ನಡ ಮಾತಾಡ್ತಾನ್ ನೋಡ್ರೋ" ಅನ್ನುತ್ತಿದ್ದರು. ಅಜ್ಜನ ಅಜ್ಜ ಹುಟ್ಟಿದ ಮಣ್ಣಿನಲ್ಲೇ ಅವನು ಪರದೇಶಿ.

ಭಾರ್ಗವನೂ ಯಲ್ಲಾಪುರದವನೇ. ಅವನ ಅಪ್ಪನ ಕಟ್ಟಿಗೆ ಡಿಪೋದಲ್ಲಿ ಸದಾಶಿವನ ಅವ್ವ ದಿಮ್ಮಿ ಹೊತ್ತು ಸೊಂಟ ಕಳಕೊಂಡಿದ್ದಳು. ಭಾರ್ಗವ ನೈರೋಬಿಗೆ ಹೋಗಿ ಸಫಾರಿ ಕಂಪನಿ ಕಟ್ಟಿದ್ದ. ರಜೆಗೆ ಊರಿಗೆ ಬಂದಾಗ ಸದಾಶಿವನ ಮನೆಯ ಬಾಗಿಲಿಗೇ ಬಂದ. ಅಂಥವರು ಯಾರೂ ಆ ಬಾಗಿಲಿಗೆ ಬಂದದ್ದಿಲ್ಲ. ಬಂದವನು ಚಾಪೆಯ ಮೇಲೆ ಕೂತ, ಚಹಾ ಕುಡಿದ.

"ಸದಾ, ಅದು ನಿಮ್ಮದೇ ನೆಲ ಕಣೋ. ನಿಮ್ಮಜ್ಜಂದಿರ ನೆಲ. ಅಲ್ಲಿ ನಿನ್ನ ಯಾರೂ ತಿರುಗಿ ನೋಡೂದಿಲ್ಲ. ಕ್ಯಾಂಪ್ ಸೂಪರ್‌ವೈಸರ್ ಮಾಡ್ತೇನೆ. ಒಂದು ಹಂತಕ್ಕೆ ಬಂದ್ಮೇಲೆ ಶಾಂತಾನ್ನೂ ಕರೆಸ್ಕೊ."

ಹೆಂಡತಿ ಶಾಂತಾ ಒಳಗಿನಿಂದ ಕೇಳುತ್ತಿದ್ದಳು. ಅವಳೂ ಅದೇ ಡಿಪೋದಲ್ಲಿ ಕೂಲಿ ಮಾಡುತ್ತಿದ್ದಳು. ಅವನು ಹೋದ ಮೇಲೆ, "ಚಹಾ ಕುಡಿದ್ರು ಅಂದ್ಕೂಡ್ಲೆ ನಂಬ್ಬೇಡ" ಅಂದಳು. ಸದಾಶಿವ ನಂಬಿದ. ನಿಮ್ಮದೇ ನೆಲ ಅನ್ನುವ ಮಾತನ್ನು ಯಾರೂ ಅವನಿಗೆ ಅದುವರೆಗೆ ಹೇಳಿರಲಿಲ್ಲ.

ನೈರೋಬಿಯಲ್ಲಿ ಇಳಿದ ದಿನವೇ ಭಾರ್ಗವ ಪಾಸ್‌ಪೋರ್ಟ್ ತೆಗೆದುಕೊಂಡ. "ಇಲ್ಲಿ ಕಳ್ಳರು ಜಾಸ್ತಿ. ನನ್ನ ಹತ್ರ ಇರ್ಲಿ." ನಗರದ ಪಂಗಾನಿ ಬಡಾವಣೆಯ ಹಳೇ ಕಟ್ಟಡದ ಹಿಂದಿನ ಒಂದು ಕೋಣೆ ತೋರಿಸಿದ. ಸೂಪರ್‌ವೈಸರ್ ಕೆಲಸವೆಂದರೆ ಇಂಡಸ್ಟ್ರಿಯಲ್ ಏರಿಯಾದ ಗೋಡೌನಿನಲ್ಲಿ ಬೇಟೆಯ ಡೇರೆ ತೊಳೆಯುವುದು. ಕ್ಯಾನ್‌ವಾಸಿನ ಮೇಲೆ ಒಣಗಿದ ರಕ್ತವನ್ನು ಬ್ರಷ್ಷಿನಲ್ಲಿ ಉಜ್ಜಬೇಕು. ಸೋಪು ನೀರಿಗೆ ಬೆರಳ ಸಂದಿಯ ಚರ್ಮ ಬಿರಿಯುತ್ತಿತ್ತು. ಮಂಚ, ಒಲೆ, ಐಸ್ ಪೆಟ್ಟಿಗೆ ಎಲ್ಲವನ್ನೂ ಹೊತ್ತು ಲಾರಿಗೆ ಹೇರಬೇಕು. ಕೆನ್ಯಾದಲ್ಲಿ ಬೇಟೆ ನಿಷೇಧ. ಹಾಗಾಗಿ ಆಫೀಸು ನೈರೋಬಿಯಲ್ಲಿ, ಬೇಟೆ ಗಡಿಯಾಚೆ ಟಾಂಜಾನಿಯಾದಲ್ಲಿ. ಲಾರಿ ನಮಂಗಾ ಗಡಿ ದಾಟಿ ಹೋಗುತ್ತಿತ್ತು. ಅದರ ಹಿಂಬದಿಯಲ್ಲಿ ಡೇರೆಗಳ ಮೇಲೆ ಸದಾಶಿವ.

ಮೊದಲ ಕ್ಯಾಂಪಿನಲ್ಲೇ ಅದು ಆಯಿತು. ಹುಬ್ಬಳ್ಳಿಯ ಒಬ್ಬ ಹೆಂಗಸು ಗಂಡನಿಗೆ, "ಗಂಟಲ ಕಟ್ಟೇತ್ರಿ, ಒಂದ್ ವಾಟಗ ಬಿಸಿನೀರ್ ಸಿಕ್ಕಿದ್ರ ಸಾಕಾಗಿತ್ತು" ಅಂದಳು. ಸದಾಶಿವ ಬಿಸಿನೀರು ತಂದುಕೊಟ್ಟ. ಅವಳು ಬೆರಗಾದಳು. "ಅಯ್ಯ, ಇವಂಗ ಹೆಂಗ ಗೊತ್ತಾತು?"

ಸದಾಶಿವ ನಕ್ಕು ಬಾಯಿ ತೆರೆಯಬೇಕು, ಅಷ್ಟರಲ್ಲಿ ಭಾರ್ಗವ ನಡುವೆ ಬಂದ. "ಕಾಡಿನವರು, ಮೇಡಂ. ಮುಖ ನೋಡಿನೇ ಮನಸ್ಸು ಓದ್ತಾರೆ."

ಆಮೇಲೆ ಅಡಿಗೆ ಡೇರೆಯ ಹಿಂದೆ ಕರೆದು ಹೆಗಲ ಮೇಲೆ ಕೈಯಿಟ್ಟ. "ಇನ್ಮೇಲೆ ಅವರ ಮುಂದೆ ಕನ್ನಡ ಬೇಡ. ಯಲ್ಲಾಪುರದೋನು ಅಂತ ಗೊತ್ತಾದ್ರೆ ನಿಂಗೆ ಯಾರು ಮರ್ಯಾದೆ ಕೊಡ್ತಾರೆ? ನಿನ್ನ ಒಳ್ಳೇದಕ್ಕೇ ಹೇಳೋದು."

ಅಂದಿನಿಂದ ಸದಾಶಿವ ಸಿಂಬಾ ಆದ. ಕೆಂಪು ಮಸಾಯಿ ಶಾಲು, ಕೊರಳಿಗೆ ಮಣಿಸರ, ಕೈಗೊಂದು ಕೋಲು. ಅತಿಥಿಗಳು ಚಳಿ ಅಂದರೆ ಕಂಬಳಿ ಬರುತ್ತಿತ್ತು. ಉಪ್ಪು ಕಡಿಮೆ ಅಂದರೆ ಉಪ್ಪು ಬರುತ್ತಿತ್ತು. ಮನಸ್ಸು ಓದುವ ಕಾಡು ಮನುಷ್ಯ. ಭಾರ್ಗವನ ಕಂಪನಿಯ ಹೆಸರು ಬೆಂಗಳೂರಿನ ಕ್ಲಬ್ಬುಗಳವರೆಗೆ ಹೋಯಿತು.

ಆ ವೇಷ ನೋಡಿ ಬಿದ್ದು ಬಿದ್ದು ನಕ್ಕವನು ಕ್ಯಾಲೊ. ಅವನು ಕಂಪನಿಯ ಹೆಜ್ಜೆಗಾರ. ಪ್ರಾಣಿಯ ಜಾಡು ಹಿಡಿದು ಬೇಟೆಗಾರರನ್ನು ಕರೆದೊಯ್ಯುವವನು. ಮಚಾಕೋಸ್ ಕಡೆಯ ಕಂಬಾ ಜನ. "ನಾನು ಕಂಬಾ, ನೀನು ಇಂಡಿಯನ್, ಬಟ್ಟೆ ಮಸಾಯಿಯದು. ಇಂಥ ಪ್ರಾಣಿಯನ್ನು ಯಾವ ಕಾಡಿನಲ್ಲೂ ನೋಡಿಲ್ಲ" ಅಂದ. ಸದಾಶಿವನಿಗೂ ನಗು ಬಂತು. ಅವನಿಗೆ ಸ್ವಾಹಿಲಿ ಕಲಿಸಿದವನು ಕ್ಯಾಲೊ. ಸಿಂಬಾ ಎಂದು ಒಂದು ದಿನವೂ ಕರೆಯಲಿಲ್ಲ. 'ನ್ಡುಗು' ಅನ್ನುತ್ತಿದ್ದ. ಒಡಹುಟ್ಟಿದವನೇ ಅಂತ.

ಯುಗಾದಿಗೆ ನೈರೋಬಿಯ ಕನ್ನಡಿಗರು ಪಂಗಾನಿಯ ಹತ್ತಿರ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಇಟ್ಟಿದ್ದರು. ಭಾರ್ಗವ ಕರೆದಿರಲಿಲ್ಲ. ಆದರೆ ರಸ್ತೆಗೆ ಹೋಳಿಗೆಯ ವಾಸನೆ ಬರುತ್ತಿತ್ತು. ಒಳಗಿನಿಂದ ಕನ್ನಡ ಕೇಳಿಸುತ್ತಿತ್ತು. ಸದಾಶಿವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಬಾಗಿಲಲ್ಲಿ ಡಾಕ್ಟರ್ ವಿಮಲಾ ನಿಂತಿದ್ದರು. ಊರು ಬಿಟ್ಟು ಬಂದು ಬಹಳ ಕಾಲ ಆದವರು. ಸ್ವಾಹಿಲಿಯಲ್ಲಿ, ಕೆಲಸದವರಿಗೆ ಹಿಂದಿನ ಬಾಗಿಲು ಅಂದರು.

"ಅಮ್ಮಾ, ನಾನು ಯಲ್ಲಾಪುರದವ. ಹಬ್ಬದೂಟಕ್ಕೆ ಬಂದೆ."

ವಿಮಲಾ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ! ಎಷ್ಟು ಚೆನ್ನಾಗಿ ಮಾತಾಡ್ತಾನೆ! ಭಾರ್ಗವ್, ಇಲ್ಬನ್ನಿ. ಇವ್ನು ನಿಮ್ಮ ಸ್ಟಾಫಾ?"

ಭಾರ್ಗವ ಬಂದ. ಜೊತೆಗೆ ಕಾರ್ಖಾನೆಗಳ ಮ್ಯಾನೇಜರುಗಳು, ಇಂಜಿನಿಯರುಗಳು. ಅವನು ಸದಾಶಿವನ ಮುಖ ನೋಡಲಿಲ್ಲ. "ಹ್ಞಾ, ನಮ್ಮ ಸ್ಟಾಫು. ನಾಲ್ಕು ಮಾತು ಕಲ್ಸಿದೀನಿ" ಅಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸದಾಶಿವನಿಗೆ ಹಿಂದಿನ ಬಾಗಿಲಲ್ಲಿ ಕಾಗದದ ತಟ್ಟೆಯಲ್ಲಿ ಹೋಳಿಗೆ ಬಂತು. ಅವ್ವ ಕಲಿಸಿದ ಮಾತನ್ನು ಭಾರ್ಗವ ಕಲಿಸಿದ್ದನಂತೆ. ಸದಾಶಿವ ಹೋಳಿಗೆಯನ್ನು ಅಲ್ಲೇ ಗೋಡೆಯ ಮೇಲೆ ಇಟ್ಟು ಬಂದ. ಆದರೂ ಮರುದಿನ ಕೆಲಸಕ್ಕೆ ಹೋದ. ಹೋಗದೆ ಎಲ್ಲಿಗೆ ಹೋಗುವುದು?

ಮಳೆ ನಿಂತು ಹುಲ್ಲು ಒಣಗಿದ ಮೇಲೆ ದ್ವಾರಕಾನಾಥ್ ಬಂದ. ಬೆಂಗಳೂರಿನಲ್ಲಿ ಲೇಔಟು ಮಾಡುವವನು. ಜೊತೆಗೆ ಹೆಂಡತಿ ನಮಿತಾ. ಮೊದಲು ಬಯಲ ಪ್ರಾಣಿಗಳು. ಇಂಪಾಲಾ, ವೈಲ್ಡ್‌ಬೀಸ್ಟ್, ಜೀಬ್ರಾ. ಹೊಡೆಯುವುದಷ್ಟೇ ದ್ವಾರಕಾನಾಥನ ಕೆಲಸ. ಬಿದ್ದ ಪ್ರಾಣಿಯ ಮೂಗಿನ ರಕ್ತ ಒರೆಸುವುದು ಸದಾಶಿವ. ಗುಂಡಿನ ತೂತಿಗೆ ಹುಲ್ಲು ತುರುಕುವುದು, ಹೊರಗೆ ಬಿದ್ದ ನಾಲಿಗೆಯನ್ನು ಒಳಗೆ ತಳ್ಳುವುದು ಸದಾಶಿವ. ಫೋಟೋಕ್ಕೆ ಪ್ರಾಣಿ ತಲೆ ಎತ್ತಿ ಕೂತಂತೆ ಕಾಣಬೇಕು. ಅದರ ಬೆನ್ನ ಹಿಂದೆ ಮಣ್ಣಿನಲ್ಲಿ ಅಂಗಾತ ಮಲಗಿ ಕತ್ತನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು. ಬಿಸಿ ರಕ್ತ ಕಂಕುಳಕ್ಕೆ ಇಳಿಯುತ್ತಿತ್ತು. ನೊಣ ಕಣ್ಣಿಗೆ ಮುತ್ತುತ್ತಿತ್ತು.

"ಭಾರ್ಗವ್, ಅವನ ಕೂದ್ಲು ಕಾಣ್ತಿದೆ. ಇನ್ನೂ ಕೆಳಗೆ ಹೋಗಕ್ಕೆ ಹೇಳಿ."

ಸದಾಶಿವ ಇನ್ನೂ ಕೆಳಗೆ ಹೋಗುತ್ತಿದ್ದ.

ಆಮೇಲೆ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇನ್ನೊಂದು ಫೋಟೋ. ದ್ವಾರಕಾನಾಥ್ ಹೆಂಡತಿಗೆ ಹೇಳಿದ: "ಇವನ ಪಕ್ಕ ನಿಂತ್ರೆ ನಾನೆಷ್ಟು ಫೇರ್ ಕಾಣ್ತೀನಿ ನೋಡು ನಮ್ಮಿ." ಅವಳು ನಕ್ಕಳು. ಸದಾಶಿವ ಕೋಲು ಹಿಡಿದು ನಿಂತಿದ್ದ. ಕ್ಯಾಲೊ ಅವನ ಮುಖ ನೋಡಿದ. ಏನೆಂದರು ಎಂದು ಕೇಳಲಿಲ್ಲ.

ದ್ವಾರಕಾನಾಥನಿಗೆ ಕಾಡುಕೋಣ ಬೇಕಿತ್ತು. ಪರವಾನಗಿ ಇದ್ದ ಬೇಟೆಗಾರ, ಒಬ್ಬ ಬಿಳಿಯ ಮುದುಕ, ಮಲೇರಿಯಾ ಹತ್ತಿ ಕ್ಯಾಂಪಿನಲ್ಲಿ ಮಲಗಿದ. ಅವನಿಲ್ಲದೆ, ಸರ್ಕಾರದ ಕಾವಲುಗಾರನಿಲ್ಲದೆ ಬಂದೂಕು ಹೊರಗೆ ತೆಗೆಯುವಂತಿಲ್ಲ. "ಸುಮ್ನೆ ಒಂದು ರೌಂಡು ಹೋಗ್ಬರೋಣ ಸಾರ್" ಎಂದು ಭಾರ್ಗವ ಜೀಪು ತೆಗೆದ. ಬಂದೂಕೂ ಹೋಯಿತು. ನಮಿತಾ ಕ್ಯಾಂಪಿನಲ್ಲಿ ಉಳಿದಳು.

ಒಣಗಿದ ಹಳ್ಳದ ಆಚೆ ಒಂಟಿ ಕೋಣ ನಿಂತಿತ್ತು. ಹಿಂಭಾಗ ಇವರ ಕಡೆಗಿತ್ತು. ಕ್ಯಾಲೊ ಅಂಗೈ ಎತ್ತಿ ಬೇಡ ಅಂದ. ದ್ವಾರಕಾನಾಥ್ ಹೊಡೆದ. ಕೋಣ ಒಮ್ಮೆ ಕುಸಿದು ಎದ್ದು ಮುಳ್ಳುಪೊದೆಗೆ ನುಗ್ಗಿತು. ಕ್ಯಾಲೊ ನೆಲದ ರಕ್ತವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಹೊಟ್ಟೆಗೆ ಬಿದ್ದಿದೆ, ಈಗ ಒಳಗೆ ಹೋಗಬಾರದು, ಮುದುಕನನ್ನು ಕರೆಯೋಣ ಅಂದ.

ಭಾರ್ಗವ ಬೆವರುತ್ತಿದ್ದ. "ಅವನಿಗೆ ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗತ್ತೆ ಸಾರ್" ಎಂದು ಕನ್ನಡದಲ್ಲಿ ಅಂದ.

"ಹಂಗಾದ್ರೆ ಈ ಕರಿಯನ್ನ ಒಳಗೆ ಕಳ್ಸಿ. ಅದಕ್ಕೇ ತಾನೆ ಇಟ್ಕೊಂಡಿರೋದು?"

"ನೀವು ಬಂದೂಕು ಹಿಡ್ಕೊಂಡು ಹಿಂದೆ ಹೋಗ್ಬೇಕಾಗತ್ತೆ."

"ನಂಗೇನು ಹುಚ್ಚಾ? ನಾನಿಲ್ಲೇ ಇರ್ತೀನಿ."

ಭಾರ್ಗವ ಕ್ಯಾಲೊನ ಕಡೆ ತಿರುಗಿ ಸ್ವಾಹಿಲಿಯಲ್ಲಿ ಹೇಳಿದ: "ಹೋಗು. ಸಾಹೇಬರು ನಿನ್ನ ಬೆನ್ನಿಗೇ ಬರ್ತಾರೆ."

ಎರಡೂ ಭಾಷೆ ಗೊತ್ತಿದ್ದವನು ಅಲ್ಲಿ ಇನ್ನೊಬ್ಬನೇ. ಕ್ಯಾಲೊ ಆಗಲೇ ಪೊದೆಯ ಅಂಚಿಗೆ ನಡೆದಿದ್ದ. ಸದಾಶಿವ ನೀರಿನ ಕ್ಯಾನು ಬಿಸಾಕಿ ಅವನ ಹಿಂದೆ ಓಡಿದ. "ಬರೋದಿಲ್ಲ! ಅವನು ಬರೋದಿಲ್ಲ, ವಾಪಸ್ ಬಾ!" ಕ್ಯಾಲೊ ತಿರುಗಿದ. ಹಿಂದೆ ಯಾರೂ ಇಲ್ಲದ್ದನ್ನು ನೋಡಿದ. ಬೈಯಲಿಲ್ಲ. ಇಬ್ಬರೂ ಹಿಂದಕ್ಕೆ ಹೆಜ್ಜೆ ಹಾಕುತ್ತಿರುವಾಗ ಕೋಣ ಪಕ್ಕದಿಂದ ಬಂತು.

"ಪಾಂಡಾ!" ಎಂದು ಕ್ಯಾಲೊ ಕೂಗಿದ. ಹತ್ತು ಅಂತ. ಸದಾಶಿವನನ್ನು ಜಾಲಿ ಮರದ ಕಡೆಗೆ ನೂಕಿದ. ಸದಾಶಿವ ಹತ್ತಿದ. ಮುಳ್ಳು ಅಂಗೈ ದಾಟಿ ಹೋದದ್ದು ಆಗ ಗೊತ್ತಾಗಲಿಲ್ಲ. ಮರದಲ್ಲಿ ಇನ್ನೊಬ್ಬರಿಗೆ ಜಾಗ ಇರಲಿಲ್ಲ. ಕ್ಯಾಲೊ ಜೀಪಿನ ಕಡೆ ಓಡಿದ. ದ್ವಾರಕಾನಾಥ್ ಬಂದೂಕು ಬಿಟ್ಟು ಸೀಟಿನ ಕೆಳಗೆ ಮುದುರಿದ್ದ. ಕ್ಯಾಲೊನ ಕೈ ಜೀಪಿನ ಹಿಂದಿನ ಕಂಬಿಯನ್ನು ಮುಟ್ಟಿತು. ಆಗ ಭಾರ್ಗವ ಗೇರು ಹಾಕಿದ. ಕನ್ನಡಿಯಲ್ಲಿ ನೋಡಿದ, ಆಮೇಲೆ ಹೋದ. ಸದಾಶಿವ ಮೇಲಿನಿಂದ ಅದನ್ನು ಕಂಡ.

ಕೋಣ ಕ್ಯಾಲೊನನ್ನು ಎತ್ತಿ ಹಾಕಿತು. ಮತ್ತೆ ಎತ್ತಿತು. ಕೂಗು ನಿಂತ ಮೇಲೂ ಬಿಡಲಿಲ್ಲ. ಕೊನೆಗೆ ಅವನ ಪಕ್ಕದಲ್ಲೇ ಮಂಡಿಯೂರಿ, ಮಗ್ಗುಲಾಗಿ ಬಿತ್ತು.

ಜೀಪು ವಾಪಸ್ಸು ಬಂದಾಗ ಸದಾಶಿವ ಕ್ಯಾಲೊನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕೆಂಪು ಶಾಲು ಇನ್ನಷ್ಟು ಕೆಂಪಾಗಿತ್ತು. ಭಾರ್ಗವ ಒಂದು ಟಾರ್ಪಾಲು ತಂದು ಹೆಣದ ಮೇಲೆ ಹಾಕಿದ. ದ್ವಾರಕಾನಾಥ್ ಜೀಪಿನಿಂದ ಇಳಿದ. ಆಮೇಲೆ ಕೋಣದ ಕೊಂಬು ಮುಟ್ಟಿ ನೋಡಿದ.

"ಭಾರ್ಗವ್, ತಪ್ಪು ತಿಳ್ಕೋಬೇಡಿ. ಇಷ್ಟೆಲ್ಲ ಆಗಿದೆ. ಒಂದು ಫೋಟೋ ಆದ್ರೂ ತೆಗೀರಿ."

ಭಾರ್ಗವ ಸದಾಶಿವನ ಕಡೆ ನೋಡಿ ಕೈಸನ್ನೆ ಮಾಡಿದ. ಸದಾಶಿವ ಎದ್ದ. ಹೋಗಿ ಕೋಣದ ಹಿಂದೆ ಮಲಗಿ ಕತ್ತು ಎತ್ತಿ ಹಿಡಿದ. ಅಲ್ಲಿಂದ ಟಾರ್ಪಾಲಿನ ಕೆಳಗೆ ಕ್ಯಾಲೊನ ಕಾಲು ಕಾಣುತ್ತಿತ್ತು.

ಅಲ್ಲಿನ ಪೊಲೀಸರಿಗೆ ಭಾರ್ಗವ ಹೇಳಿದ್ದು ಹೀಗೆ: ಕ್ಯಾಲೊ ಕುಡಿದಿದ್ದ. ಜೇನು ಕೀಳಲು ಒಬ್ಬನೇ ಪೊದೆಗೆ ಹೋಗಿದ್ದ. ಕೋಣ ತಿವಿಯಿತು. ನಾವು ಹೋಗಿ ಕೋಣವನ್ನು ಹೊಡೆದೆವು. ಸದಾಶಿವನನ್ನು ಯಾರೂ ಏನೂ ಕೇಳಲಿಲ್ಲ. ಹೆಣ ಲಾರಿಯಲ್ಲಿ ನೈರೋಬಿಗೆ ಬಂತು. ದಾರಿಯುದ್ದಕ್ಕೂ ಸದಾಶಿವ ಅದು ಕುಲುಕದಂತೆ ಹಿಡಿದು ಕೂತಿದ್ದ.

ದ್ವಾರಕಾನಾಥ್ ದಂಪತಿ ಹೊರಡುವ ದಿನ ಭಾರ್ಗವ ಲಂಗಾಟಾದ ತನ್ನ ಮನೆಯಲ್ಲಿ ಮಧ್ಯಾಹ್ನದ ಊಟ ಇಟ್ಟ. ಹುಲ್ಲುಹಾಸಿನ ಮೇಲೆ ಟೇಬಲ್ಲು, ಬಿಸಿಬೇಳೆಬಾತು, ಬಿಯರು. ನೈರೋಬಿಯ ನಾಲ್ಕು ಜನ ಕನ್ನಡಿಗರು. ಡಾಕ್ಟರ್ ವಿಮಲಾ, ಅವರ ಗಂಡ ವಿಶ್ವನಾಥ. ಬೇಲಿಯ ಆಚೆ ನ್ಯಾಷನಲ್ ಪಾರ್ಕಿನ ಕಾಡು. ಸದಾಶಿವ ಮಸಾಯಿ ಶಾಲು ಹೊದ್ದು ಬಡಿಸುತ್ತಿದ್ದ. ಹೊಸ ಶಾಲು. ಅವನ ಅಂಗೈ ಊದಿತ್ತು.

ದ್ವಾರಕಾನಾಥ್ ಬೇಟೆಯ ಕಥೆ ಹೇಳುತ್ತಿದ್ದ. "ಆ ಕುಡುಕ ಅಡ್ಡ ಹೋಗ್ಬಿಟ್ಟ. ನಾನು ಅವನನ್ನ ಉಳಿಸ್ಬೇಕು ಅಂತ ಎದುರಿಗೆ ನಿಂತು ಹೊಡೆದೆ. ಲಕ್ ಇರ್ಲಿಲ್ಲ ಪಾಪ."

"ಎಂಥ ಧೈರ್ಯ ಸಾರ್" ಅಂದ ವಿಶ್ವನಾಥ.

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ಕ್ಯಾಲೊನ ಹೆಂಡತಿ ಮುಂಬುವಾ ಬಂದಿದ್ದಳು. ಕಾವಲಿನವ ತಡೆದರೂ ಅವಳು ಗೇಟಿನ ಸರಳು ಬಿಡಲಿಲ್ಲ. ಭಾರ್ಗವ ಸದಾಶಿವನನ್ನು ಪಕ್ಕಕ್ಕೆ ಎಳೆದ.

"ಹೋಗಿ ಅವಳಿಗೆ ಹೇಳು. ಕುಡಿದಿದ್ದ, ನಾನೇ ನೋಡಿದೆ ಅನ್ನು. ನಾ ಹೇಳಿದ್ರೆ ನಂಬೂದಿಲ್ಲ. ನೀ ಹೇಳಿದ್ರೆ ನಂಬ್ತಾಳೆ. ನೀನು ಅವರ ಪೈಕಿಯವನೇ ಅಲ್ವಾ?"

ಸದಾಶಿವ ಗೇಟಿಗೆ ಹೋದ. ಮುಂಬುವಾ ಅಳುತ್ತಿರಲಿಲ್ಲ. "ಕ್ಯಾಲೊ ಚರ್ಚಿನ ಹಿರಿಯ" ಅಂದಳು. "ಬಾಯಿಗೆ ಹನಿ ಮುಟ್ಟಿಸಿದವನಲ್ಲ. ಈಗ ಕುಡಿದು ಸತ್ತ ಅನ್ನುತ್ತಿದ್ದಾರೆ. ಅವನ ಮಕ್ಕಳು ಆ ಮಾತು ಹೊತ್ತು ಬದುಕಬೇಕಾ? ನನಗೆ ಬೇರೇನೂ ಬೇಡ. ಹೇಗೆ ಸತ್ತ, ಅದನ್ನು ಹೇಳು. ನೀನು ಅಲ್ಲಿದ್ದೆಯಲ್ಲ."

ಸದಾಶಿವ ಕಾವಲಿನವನ ಕೈಯಿಂದ ಚಿಲಕ ಬಿಡಿಸಿ ಗೇಟು ತೆಗೆದ. ಅವಳ ಕೈ ಹಿಡಿದು ಹುಲ್ಲುಹಾಸಿನ ನಡುವಿಗೆ ಕರೆತಂದ. ಊಟದವರು ತಟ್ಟೆ ಹಿಡಿದು ಎದ್ದು ನಿಂತರು. ಅವನು ದ್ವಾರಕಾನಾಥನ ಎದುರಿಗೆ ನಿಂತು ಕನ್ನಡದಲ್ಲಿ ಹೇಳಿದ:

"ಸುಳ್ಳು ಹೇಳ್ಬೇಡಿ. ನೀವು ಎದುರಿಗೆ ನಿಲ್ಲಲಿಲ್ಲ. ಸೀಟಿನ ಕೆಳಗೆ ಬಿದ್ಕೊಂಡಿದ್ರಿ. ಈ ಕರಿಯನ್ನ ಒಳಗೆ ಕಳ್ಸಿ ಅಂದವರು ನೀವು. ನಾನಿಲ್ಲೇ ಇರ್ತೀನಿ ಅಂದವರೂ ನೀವು. ಸಾಹೇಬರು ಬರ್ತಾರೆ ಅಂತ ಅವನಿಗೆ ಸುಳ್ಳು ಹೇಳಿ, ಅವನು ಜೀಪಿನ ಕಂಬಿ ಹಿಡಿದಾಗ ಕನ್ನಡಿಯಲ್ಲಿ ನೋಡಿ ಗಾಡಿ ಬಿಟ್ಟವರು ಈ ಭಾರ್ಗವಣ್ಣ. ನಾನು ಮರದ ಮೇಲಿದ್ದೆ. ನನ್ನ ಹೆಸರು ಸದಾಶಿವ. ಯಲ್ಲಾಪುರದ ಸಿದ್ದಿ. ನಿಮ್ಮ ಒಂದೊಂದು ಮಾತೂ ನನಗೆ ತಿಳೀತದೆ. ಮೊದಲ ದಿನದಿಂದ."

ನಮಿತಾಳ ಕೈಯಿಂದ ಚಮಚ ಬಿತ್ತು. ದ್ವಾರಕಾನಾಥನ ಮುಖ ಕೆಂಪಾಯಿತು. ಅವನು ತಿರುಗಿದ್ದು ಭಾರ್ಗವನ ಕಡೆಗೆ.

"ಇವ್ನು ಕನ್ನಡದೋನಾ? ಇಷ್ಟು ದಿನ ನಮ್ಮ ಮಾತೆಲ್ಲ ಕೇಳಿಸ್ಕೊಂಡಿದಾನಾ? ಏನ್ರೀ ಭಾರ್ಗವ್, ಹಿಂಗಾ ಮೋಸ ಮಾಡೋದು!"

ಅದೇ ಅವನಿಗಾದ ಮೋಸ.

ಸದಾಶಿವ ಮುಂಬುವಾಳ ಕಡೆ ತಿರುಗಿ ಸ್ವಾಹಿಲಿಯಲ್ಲಿ ಎಲ್ಲವನ್ನೂ ಹೇಳಿದ. "ಹಾಕುವಾ ಅಮೆಲೆವಾ" ಅಂದ. ಅವನು ಕುಡಿದಿರಲಿಲ್ಲ. ಅಡಿಗೆಯವರು, ಕಾವಲಿನವ, ತೋಟದವ ಎಲ್ಲರೂ ಬಂದು ನಿಂತು ಕೇಳಿದರು. ಮುಂಬುವಾ ಆಗ ಹುಲ್ಲಿನ ಮೇಲೆ ಕುಸಿದು ಅತ್ತಳು.

"ನಿಜಾನಾ ಭಾರ್ಗವ್?" ಎಂದು ವಿಮಲಾ ಕೇಳಿದರು. ವಿಶ್ವನಾಥ ಅವರ ತೋಳು ಹಿಡಿದು, "ನಡಿ, ನಮಗ್ಯಾಕೆ" ಅಂದ.

ಭಾರ್ಗವ ಹಲ್ಲು ಕಚ್ಚಿ ಅಂದ: "ಉಂಡ ಮನೆ ಹಾಳು ಮಾಡಿದ್ಯಲ್ಲೋ. ನಿನ್ನ ಪಾಸ್‌ಪೋರ್ಟ್ ನನ್ನ ಕೈಲಿದೆ. ನೆನಪಿಟ್ಕೋ."

ಸದಾಶಿವ ಶಾಲು ಕಳಚಿದ. ಮಣಿಸರ ಹರಿದ. ಎರಡನ್ನೂ ಬಿಸಿಬೇಳೆಬಾತಿನ ಪಾತ್ರೆಯ ಪಕ್ಕ ಹಾಕಿದ. ಬನಿಯನ್ನಿನಲ್ಲೇ ಮುಂಬುವಾಳನ್ನು ಎಬ್ಬಿಸಿಕೊಂಡು ಗೇಟು ದಾಟಿದ. ರಸ್ತೆಯಲ್ಲಿ ಮಟಾಟು ನಿಂತಿತು. ವ್ಯಾನಿನೊಳಗೆ ಜನ ಸರಿದು ಜಾಗ ಮಾಡಿದರು.

ದ್ವಾರಕಾನಾಥ್ ಅದೇ ದಿನ ವಿಮಾನ ಹತ್ತಿದ. ಪಂಗಾನಿಯ ಕೋಣೆಗೆ ಬೇರೆ ಬೀಗ ಬಿತ್ತು. ಊರಿನಿಂದ ಶಾಂತಾ ಫೋನು ಮಾಡಿದಳು. ಭಾರ್ಗವನ ತಮ್ಮ ಅವಳನ್ನು ಡಿಪೋದ ಕೆಲಸದಿಂದ ಬಿಡಿಸಿದ್ದ. "ಎಂತ ಮಾಡಿದ್ಯಾ ಅಲ್ಲಿ?" ಎಂದು ಕೇಳಿದಳು. ಅವನು ಹೇಳಿದ. ಅವಳು, "ಮಾಡಿದ್ದು ಮಾಡಿದೆ. ಇನ್ನು ಹೆದರ್ಕೊಂಡು ಓಡಿ ಬರಬೇಡ" ಅಂದಳು.

ಮಚಾಕೋಸಿನ ಮಣ್ಣಿನಲ್ಲಿ ಕ್ಯಾಲೊನ ಗುಂಡಿ ತೋಡಿದವರಲ್ಲಿ ಸದಾಶಿವನೂ ಇದ್ದ. ಪಾದ್ರಿ ಅವನನ್ನು ಮುಂದೆ ಕರೆದು ಮಾತಾಡಿಸಿದರು. ಹಿರಿಯನಿಗೆ ಸಲ್ಲುವ ಎಲ್ಲ ಹಾಡುಗಳನ್ನೂ ಜನ ಹಾಡಿದರು.

ಆಮೇಲೆ ಅವನು, ಮುಂಬುವಾ ನೈರೋಬಿಯ ಪೊಲೀಸ್ ಠಾಣೆಗೆ ಹೋದರು. ಗಡಿಯಾಚೆಯ ಸಾವು, ನಮಗೆ ಬರುವುದಿಲ್ಲ ಅಂದರು. ಮತ್ತೆ ಹೋದರು. ವಾಪಸ್ ಕಳಿಸಿದರು. ಮತ್ತೆ ಹೋದರು. ಒಬ್ಬ ಆಫೀಸರು, ಆ ಭಾಷೆ ನಮಗೆ ಗೊತ್ತಿಲ್ಲ, ಲಂಗಾಟಾದ ಊಟದಲ್ಲಿ ದ್ವಾರಕಾನಾಥ್ ನಿನ್ನ ಮಾತನ್ನು ಸುಳ್ಳು ಅನ್ನಲಿಲ್ಲ ಎನ್ನುವುದಕ್ಕೆ ಅಲ್ಲಿದ್ದ ಇನ್ನೊಬ್ಬರ ಸಾಕ್ಷಿ ಬೇಕು ಅಂದ. ಸದಾಶಿವ ವಿಮಲಾ ಅವರಿಗೆ ಫೋನು ಮಾಡಿದ.

"ನಮ್ಮನ್ನ ಇದರಲ್ಲಿ ಎಳೀಬೇಡಪ್ಪ" ಅಂದರು ಅವರು. "ಇಲ್ಲಿ ನಮ್ಮ ಜನ ಇರೋದೇ ಕಡಿಮೆ. ಒಬ್ರಿಗೊಬ್ರು ಬೇಕಾಗ್ತೀವಿ. ಅರ್ಥ ಮಾಡ್ಕೋ."

"ನಾನು ಯಾರ ಜನ, ಅಮ್ಮಾ?"

ಅವರು ಫೋನು ಇಟ್ಟರು.

ಆದರೂ ಇಬ್ಬರೂ ಠಾಣೆಗೆ ಹೋಗುವುದನ್ನು ಬಿಡಲಿಲ್ಲ. ಕೊನೆಗೂ ಹೇಳಿಕೆ ತೆಗೆದುಕೊಳ್ಳುತ್ತೇವೆ ಎಂದು ಕರೆದ ಬೆಳಿಗ್ಗೆ ಭಾರ್ಗವನೂ ಠಾಣೆಗೆ ಬಂದ. ಒಳಗೆ ಆಫೀಸರ ಮೇಜಿನ ಮುಂದಿನ ಬೆಂಚಿನಲ್ಲಿ ಸದಾಶಿವನ ಪಕ್ಕವೇ ಕೂತ. ಅಂದು ಊರಿನ ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದನಲ್ಲ, ಅಷ್ಟೇ ಹತ್ತಿರ. ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ಅರ್ಧ ಹೊರಗೆ ತೆಗೆದು ತೋರಿಸಿದ. ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದ:

"ಟಿಕೆಟ್ಟೂ ಮಾಡ್ಸಿದೇನೆ, ಸದಾ. ಇವತ್ತೇ ಹೊರಡು. ಶಾಂತಾಗೆ ಕೆಲಸ ವಾಪಸ್ ಕೊಡಿಸ್ತೇನೆ. ಎಂತಕ್ಕೆ ಈ ಜನದ ಸಲುವಾಗಿ ಸಾಯ್ತೀಯ? ನಾವಿಬ್ರೂ ಒಂದೇ ಊರಿನೋರಲ್ವನಾ? ಒಂದೇ ಭಾಷೆ ಆಡೋರಲ್ವನಾ?"

ಪಾಸ್‌ಪೋರ್ಟಿನ ನೀಲಿ ಅಂಚನ್ನು ಸದಾಶಿವ ನೋಡಿದ. ಇಷ್ಟು ಕಾಲದಲ್ಲಿ ಅದನ್ನು ಮತ್ತೆ ಕಂಡದ್ದು ಅದೇ ಮೊದಲು. ಪಕ್ಕದಲ್ಲಿ ಮುಂಬುವಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳಿಗೆ ಒಂದು ಮಾತೂ ತಿಳಿದಿರಲಿಲ್ಲ.

"ಸೆಮಾ ಕ್ವಾ ಕಿಸ್ವಾಹಿಲಿ" ಅಂದ ಸದಾಶಿವ, ಇಡೀ ಕೋಣೆಗೆ ಕೇಳುವಂತೆ. ಸ್ವಾಹಿಲಿಯಲ್ಲಿ ಹೇಳು. "ಈ ಹೆಂಗಸಿಗೂ ಕೇಳಲಿ. ಆಫೀಸರಿಗೂ ಕೇಳಲಿ."

ಆಫೀಸರ್ ತಲೆ ಎತ್ತಿ ಭಾರ್ಗವನನ್ನು ನೋಡಿದ. ಭಾರ್ಗವ ಪಾಸ್‌ಪೋರ್ಟನ್ನು ಜೇಬಿನೊಳಕ್ಕೆ ತಳ್ಳಿಕೊಂಡು ಎದ್ದ. ಬಾಗಿಲು ದಾಟಿದ. ಹೊರಗೆ ಅವನ ಕಾರು ಸ್ಟಾರ್ಟ್ ಆದದ್ದು, ರಸ್ತೆಗೆ ಇಳಿದು ಹೋದದ್ದು ಸದಾಶಿವನಿಗೆ ಕೇಳಿಸಿತು. ಆ ಸದ್ದು ಪೂರ್ತಿ ಅಡಗುವವರೆಗೂ ಅವನು ಬೆಂಚಿನ ಅಂಚು ಬಿಗಿಹಿಡಿದು ಕೂತಿದ್ದ. ಆಮೇಲೆ ಮೇಜಿನ ಕಡೆ ತಿರುಗಿ, ಕ್ಯಾಲೊ ಸತ್ತ ದಿನ ಜೀಪಿಗೆ ಬಂದೂಕು ಇಟ್ಟವರು ಯಾರು ಎಂಬಲ್ಲಿಂದ ಹೇಳತೊಡಗಿದ.